ಹಳೆಯ ಬೇಟೆ ರೈಫಲ್‌ನ ಮರ: ಉಜ್ಜುವ ಮೊದಲು ಹಬೆ ಕೊಡಿ

ಹಳೆಯ ಬೇಟೆ ರೈಫಲ್ ಸಿಕ್ಕರೆ, ಕಬ್ಬಿಣ ಮತ್ತು ಮರ ಕೂಡುವ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ತಯಾರಾದಾಗ ಆ ಅಂಚಿನಲ್ಲಿ ಮರ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರಕ್ಕೆ ಇರುತ್ತದೆ, ಇಲ್ಲವೇ ಸಮಕ್ಕೆ ಇರುತ್ತದೆ. ಬೆರಳಿಗೆ ಕಬ್ಬಿಣದ ಅಂಚು ತಡೆಯಿತೇ? ಹಾಗಾದರೆ ಯಾರೋ ಆ ಮರವನ್ನು ಉಜ್ಜಿ ಉಜ್ಜಿ ಸವೆಸಿದ್ದಾರೆ. ಹೋದ ಮರ ವಾಪಸ್ ಬರುವುದಿಲ್ಲ.

ಇಂಥ ರೈಫಲ್‌ಗಳನ್ನು ಬಹಳ ನೋಡಿದ್ದೇನೆ. ಪರಿಚಯದವರೊಬ್ಬರು ಒಂದು ಮಧ್ಯಾಹ್ನದಲ್ಲಿ ಉಜ್ಜುವ ಮೆಷಿನ್ ಹಿಡಿದು, ಚೆಂದದ ಅಕ್ರೋಟ್ ಮರದ ಸ್ಟಾಕನ್ನು (ರೈಫಲ್‌ನ ಮರದ ಭಾಗ) ಸಾಬೂನಿನ ತುಂಡಿನಂತೆ ಮಾಡಿಬಿಟ್ಟರು. ಅಂಚುಗಳೆಲ್ಲ ಉರುಟಾಗಿ, ಕೆತ್ತನೆ ಅರ್ಧ ಮಾಯವಾಗಿತ್ತು. ಅವರು ಅಳಿಸಲು ಹೊರಟದ್ದು ಬರೀ 4 ನೆಗ್ಗುಗಳನ್ನು. ಆ ನಾಲ್ಕನ್ನೂ ಇಸ್ತ್ರಿ ಪೆಟ್ಟಿಗೆ ಮತ್ತು ಒದ್ದೆ ಬಟ್ಟೆಯಿಂದ ಎತ್ತಬಹುದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿಚ್ಚುವುದು

ಮೊದಲು ರೈಫಲ್ ಖಾಲಿ ಮಾಡಿ. ಮ್ಯಾಗಜಿನ್ ತೆಗೆಯಿರಿ, ಬೋಲ್ಟನ್ನು (ತೋಟಾವನ್ನು ಒಳಗೆ ತಳ್ಳುವ, ಹಿಡಿ ಇರುವ ಸರಳು) ಹೊರಗೆ ಎಳೆಯಿರಿ, ತೋಟಾ ಕೂರುವ ಜಾಗವನ್ನು ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ನಳಿಗೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಇಲ್ಲಿಗೇ ನಿಲ್ಲಿಸಿ. ಅದು ಪರವಾನಗಿ ಇರುವ ಬಂದೂಕು ರಿಪೇರಿಯವರ ಕೆಲಸ, ಮನೆಯ ಮೇಜಿನ ಮೇಲಿನದಲ್ಲ.

ಸ್ಟಾಕನ್ನು ಹಿಡಿದಿರುವ ಸ್ಕ್ರೂಗಳು ಕೆಳಗಡೆ ಇರುತ್ತವೆ. ಮನೆಯ ಮಾಮೂಲಿ ಸ್ಕ್ರೂಡ್ರೈವರ್ ತುದಿಗೆ ಹೋಗುತ್ತಾ ತೆಳುವಾಗುತ್ತದೆ. ಸ್ಕ್ರೂವಿನ ಸೀಳಿನಲ್ಲಿ ಅದು ತಳಕ್ಕೆ ಕೂರದೆ ಜಾರಿ, ಸೀಳಿನ ತುಟಿ ಹರಿದುಬಿಡುತ್ತದೆ. ಎರಡೂ ಮುಖ ಸಮಾನಾಂತರವಾಗಿರುವ, ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವ ತುದಿಯನ್ನೇ ಬಳಸಿ. ಈ ಒಂದು ವಿಷಯದಲ್ಲಿ ಜಿಪುಣತನ ಬೇಡ. ಯಾವ ಸ್ಕ್ರೂ ಎಲ್ಲಿಯದು ಅಂತ ಕಾಗದದ ಮೇಲೆ ಚಿತ್ರ ಬರೆದು ಚುಚ್ಚಿಡಿ.

ಭುಜಕ್ಕೆ ಒರಗುವ ಹಿಂಬದಿಯ ತಟ್ಟೆಯನ್ನು ಮಾತ್ರ ಸದ್ಯಕ್ಕೆ ಬಿಚ್ಚಬೇಡಿ. ಅದು ಇದ್ದರೆ ಮರದ ಅಂಚು ಉರುಟಾಗದೆ ಉಳಿಯುತ್ತದೆ.

ಸೇನೆಯ ಮೌಸರ್ 98ರಿಂದ ಮಾಡಿದ ಬೇಟೆ ರೈಫಲ್ ಆಗಿದ್ದರೆ ಮರದ ಮೇಲೆ ಸಣ್ಣ ಮುದ್ರೆಗಳಿರಬಹುದು. ಅವುಗಳನ್ನು ಮುಟ್ಟಬೇಡಿ. ಸಂಗ್ರಹಕಾರರು ಮೊದಲು ಹುಡುಕುವುದು ಅವನ್ನೇ.

ಹಳೆಯ ಪಾಲಿಶ್ ತೆಗೆಯುವುದು

ಬಣ್ಣ ತೆಗೆಯುವ ಜೆಲ್ ಹಚ್ಚಿ, ಕಾಯ್ದು, ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಕೆತ್ತನೆಯ ಜಾಗಕ್ಕೆ ಹಲ್ಲುಜ್ಜುವ ಹಳೆಯ ಬ್ರಷ್ ಸಾಕು. ಕಾಸ್ಟಿಕ್ ಸೋಡಾ ಹಾಕಿ ಅದ್ದುವ ಶಾರ್ಟ್‌ಕಟ್ ಇದೆ, ದಯವಿಟ್ಟು ಬೇಡ. ಮರ ಕಪ್ಪಾಗುತ್ತದೆ, ನಾರು ಸಡಿಲವಾಗುತ್ತದೆ.

ಕುದುರೆಯ (ಟ್ರಿಗರ್) ಹಿಂದೆ, ಕಬ್ಬಿಣದ ಭಾಗ ಬಾಲದಂತೆ ಚಾಚಿ ಮರಕ್ಕೆ ಸೇರುವ ಕಡೆ, ಮರ ಕಪ್ಪಗೆ ಜಿಡ್ಡಾಗಿರುವುದು ಮಾಮೂಲು. ವರ್ಷಗಟ್ಟಲೆ ಜಾಸ್ತಿ ಎಣ್ಣೆ ಹಾಕಿ, ರೈಫಲ್ಲನ್ನು ನೆಟ್ಟಗೆ ನಿಲ್ಲಿಸಿಟ್ಟಿದ್ದರ ಫಲ ಅದು. ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ. ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಬಳಿಯಿರಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರ ಬೆಂಕಿ ಬೇಡ. ಪುಡಿ ಒಣಗುತ್ತಾ ಎಣ್ಣೆಯನ್ನು ಎಳೆದುಕೊಂಡು ಕಂದಾಗುತ್ತದೆ. ಕೊಡವಿ, ಮತ್ತೆ ಬಳಿಯಿರಿ. ಪುಡಿ ಬೆಳ್ಳಗೇ ಉಳಿಯುವ ತನಕ ಮಾಡಿ. ಅದೇ ಜಾಗದಲ್ಲಿ ಬಿರುಕಿದ್ದರೆ, ಎಣ್ಣೆ ಪೂರ್ತಿ ಹೋದ ಮೇಲೆ ಎಪಾಕ್ಸಿ ಅಂಟು ಇಳಿಸಿ ಬಿಗಿಯಾಗಿ ಕಟ್ಟಿಡಿ. ಎಣ್ಣೆ ಇದ್ದರೆ ಯಾವ ಅಂಟೂ ಹಿಡಿಯುವುದಿಲ್ಲ.

ನೆಗ್ಗು ಎತ್ತುವುದು

ಇಲ್ಲಿ ಅವಸರ ಮಾಡಬೇಡಿ. ಪೂರ್ತಿ ಕೆಲಸದ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ.

ಮರಕ್ಕೆ ಪೆಟ್ಟು ಬಿದ್ದಾಗ ಎರಡು ಬಗೆಯ ಗಾಯವಾಗುತ್ತದೆ. ಒಂದರಲ್ಲಿ ನಾರು ಅದುಮಿಕೊಂಡು ಒಳಗೆ ಕುಸಿದಿರುತ್ತದೆ, ಆದರೆ ಕಡಿದಿರುವುದಿಲ್ಲ. ಇದು ನೆಗ್ಗು. ಇನ್ನೊಂದರಲ್ಲಿ ನಾರು ತುಂಡಾಗಿ ಕಿತ್ತುಹೋಗಿರುತ್ತದೆ. ನೆಗ್ಗಿದ ನಾರಿಗೆ ನೀರೂ ಬಿಸಿಯೂ ಸಿಕ್ಕರೆ ಉಬ್ಬಿ ಮೇಲೇಳುತ್ತದೆ. ಕಿತ್ತುಹೋದದ್ದು ಏಳುವುದಿಲ್ಲ. ಪಕ್ಕದಿಂದ ಬೆಳಕು ಬಿಟ್ಟು ನೋಡಿ. ತಗ್ಗಿನ ತಳದಲ್ಲಿ ಮರದ ಗೆರೆಗಳು ಕಡಿಯದೆ ಹಾದುಹೋಗಿದ್ದರೆ ಅದು ನೆಗ್ಗು. ಎಲ್ಲವನ್ನೂ ಪೆನ್ಸಿಲಿನಿಂದ ತೆಳುವಾಗಿ ಗುರುತು ಮಾಡಿ. ಮರ ಒದ್ದೆಯಾದ ಮೇಲೆ ಹುಡುಕುವುದು ಕಷ್ಟ.

ಹಳೆಯ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಬಣ್ಣದ್ದು ಬೇಡ, ಸಿಂಥೆಟಿಕ್ ಅಂತೂ ಬೇಡವೇ ಬೇಡ, ಕರಗಿ ಅಂಟಿಕೊಳ್ಳುತ್ತದೆ. ನೆಗ್ಗಿನ ಮೇಲೆ ಒಂದು ಹನಿ ನೀರು ಬಿಟ್ಟು 5 ನಿಮಿಷ ಕಾಯಿರಿ. ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, 3-4 ಮಡಿಕೆ ಮಾಡಿ ಅದರ ಮೇಲಿಡಿ. ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿ ಬಟ್ಟೆಯ ಬಿಸಿಗೆ ಇಟ್ಟು, ಅದರ ಮೂತಿಯಿಂದ ಮಾತ್ರ ಒತ್ತಿ. ಚುಂಯ್ ಅನ್ನುತ್ತದೆ. ಆ ಸದ್ದು ಇಳಿಯುತ್ತಿದ್ದಂತೆ ಎತ್ತಿಬಿಡಿ. ಬಟ್ಟೆ ಒಣಗಿದ ಮೇಲೂ ಒತ್ತಿದರೆ ಮರ ಸುಡುತ್ತದೆ, ಆ ಕಲೆ ಆಳಕ್ಕೆ ಇಳಿಯುತ್ತದೆ. ಬಟ್ಟೆಯ ಒದ್ದೆ ಭಾಗ ತಿರುಗಿಸಿ ಮತ್ತೆ ಒತ್ತಿ.

ಮೊದಲ ಸಲ ಏನೂ ಆಗಿಲ್ಲ ಅನ್ನಿಸಬಹುದು. ಇಲ್ಲೇ ಜನ ತಾಳ್ಮೆ ಕಳೆದುಕೊಂಡು ಉಪ್ಪುಕಾಗದಕ್ಕೆ ಕೈ ಹಾಕುವುದು. ಆಳದ ನೆಗ್ಗಿಗೆ 8-10 ಸಲ ಬೇಕಾಗುತ್ತದೆ. ನಡುನಡುವೆ ಬೆರಳಿಂದ ಸವರಿ ನೋಡಿ, ಕಣ್ಣಿಗಿಂತ ಬೆರಳು ಚುರುಕು. ಪೂರ್ತಿ ಸಮವಾಗದಿದ್ದರೆ ಆ ದಿನಕ್ಕೆ ಬಿಟ್ಟು, ಒಣಗಿಸಿ, ಮಾರನೆಯ ದಿನ ಮತ್ತೆ ಮಾಡಿ. ಹಬೆ ಒಳಗೆ ಇಳಿಯಲೆಂದು ಸೂಜಿಯಿಂದ ಚುಚ್ಚಲು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೆಗ್ಗು ಏಳಬಹುದು, ಆದರೆ ಎಣ್ಣೆ ಹಚ್ಚಿದ ಕೂಡಲೇ ಆ ತೂತುಗಳು ಕಪ್ಪು ಚುಕ್ಕೆಯಾಗಿ ನಿಲ್ಲುತ್ತವೆ.

ಒಂದು ಎಚ್ಚರಿಕೆ. ಕಬ್ಬಿಣ ಕೂರುವ ಗೂಡಿನ ಚೂಪು ಅಂಚಿಗೆ ಹಬೆ ಜಾಸ್ತಿ ಕೊಡಬೇಡಿ. ಅಲ್ಲಿ ಮರ ಉಬ್ಬಿದರೆ ಕಬ್ಬಿಣ ಮತ್ತೆ ಸರಿಯಾಗಿ ಕೂರುವುದಿಲ್ಲ. ಕೆತ್ತನೆಯ ಮೇಲೂ ಕೈ ಹಗುರವಿರಲಿ.

ಎಲ್ಲ ಮುಗಿದ ಮೇಲೆ ಕಡಿಮೆಯೆಂದರೆ 2 ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ.

ಉಜ್ಜುವುದು, ಈಗ ಮಾತ್ರ

ಹಬೆಗೆ ಮೈಮೇಲೆ ಸಣ್ಣ ನಾರು ಎದ್ದಿರುತ್ತದೆ. ಅದನ್ನು ತೆಗೆಯಲಷ್ಟೇ ಉಪ್ಪುಕಾಗದ. 220 ನಂಬರಿನಿಂದ ಶುರು ಮಾಡಿ, 320, ಕೊನೆಗೆ 400. ಮರದ ತುಂಡಿಗೆ ಸುತ್ತಿಕೊಂಡೇ, ಗೆರೆಗಳ ದಿಕ್ಕಿನಲ್ಲೇ ಉಜ್ಜಿ. ಬರೀ ಬೆರಳಿಂದ ಒತ್ತಿ ಉಜ್ಜಿದರೆ ಅಲೆ ಅಲೆಯಾಗುತ್ತದೆ. ಕೆತ್ತನೆಗೆ ಟೇಪ್ ಅಂಟಿಸಿ ಮುಚ್ಚಿ. ಉಕ್ಕಿನ ಉಣ್ಣೆ ಬೇಡ, ಅದರ ಚೂರುಗಳು ಅಕ್ರೋಟ್ ಮರದ ಒಗರಿಗೆ ಸೇರಿ ಕಪ್ಪು ಕಲೆ ಬಿಡುತ್ತವೆ.

ಎಣ್ಣೆ

ವಾರ್ನಿಶ್ ಬೇಡ. ಪಾಲಿಯುರೆಥೇನ್ ಮೊದಲ ವರ್ಷ ಮಿಂಚುತ್ತದೆ, ಆಮೇಲೆ ಗೀರು ಬಿದ್ದರೆ ತೇಪೆ ಹಾಕಲಾಗದು. ನನ್ನ ಆಯ್ಕೆ ಶುದ್ಧ ಟಂಗ್ ಎಣ್ಣೆ, ಟಂಗ್ ಮರದ ಬೀಜದಿಂದ ತೆಗೆದದ್ದು. ಅಗಸೆ ಎಣ್ಣೆಗಿಂತ ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಡಬ್ಬಿಯ ಹಿಂಭಾಗ ಓದಿ. "ಟಂಗ್ ಆಯಿಲ್ ಫಿನಿಶ್" ಅಂತ ಬರೆದ ಎಷ್ಟೋ ಡಬ್ಬಿಗಳಲ್ಲಿ ಆ ಎಣ್ಣೆ ಇರುವುದು ಅಷ್ಟಕ್ಕಷ್ಟೇ, ಕೆಲವದರಲ್ಲಿ ಇರುವುದೇ ಇಲ್ಲ. ಅಗಸೆ ಎಣ್ಣೆಯೇ ಸಿಗುವುದಾದರೆ "ಬಾಯಿಲ್ಡ್" ಅನ್ನುವುದನ್ನು ಕೊಳ್ಳಿ. ಅದನ್ನು ಈಗ ಕುದಿಸಿರುವುದಿಲ್ಲ, ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಹಸಿ ಅಗಸೆ ಎಣ್ಣೆ ವಾರಗಟ್ಟಲೆ ಅಂಟಂಟಾಗಿರುತ್ತದೆ.

ಮೊದಲ ಕೋಟ್‌ಗೆ ಎಣ್ಣೆ, ಟರ್ಪೆಂಟೈನ್ ಸಮಸಮ. ಮುಂದಿನವು ಬರೀ ಎಣ್ಣೆ, ಕೆಲವೇ ಹನಿ, ಅಂಗೈಯಿಂದ ತಿಕ್ಕಿ. 20 ನಿಮಿಷಕ್ಕೆ ಮಿಕ್ಕದ್ದನ್ನು ಒರೆಸಿ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಇನ್ನೊಂದು. 6ಕ್ಕೆ ನಿಲ್ಲಿಸಬಹುದು, ನಾನು 10 ಹಾಕುತ್ತೇನೆ. ಈಗ ಹಿಂಬದಿಯ ತಟ್ಟೆ ಬಿಚ್ಚಿ, ಅದರಡಿಯ ಬರಿ ಮರಕ್ಕೂ ಗೂಡಿನ ಒಳಮೈಗೂ ಒಂದೆರಡು ಕೋಟ್ ಹಚ್ಚಿ. ಇದನ್ನು ಮರೆಯುವವರೇ ಜಾಸ್ತಿ. ಮಳೆಗಾಲದಲ್ಲಿ ತೇವ ನುಗ್ಗುವುದು ಅಲ್ಲಿಂದಲೇ. ಮರ ಸೊಟ್ಟಗಾಗಿ ನಳಿಗೆಯನ್ನು ಒತ್ತಿದರೆ ಗುರಿ ಬೇರೆ ಕಡೆ ಹೋಗುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅಗಸೆ, ಟಂಗ್ ಎಣ್ಣೆಗಳು ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಹಾಕಿ.

ಜೋಡಿಸುವುದು

ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ. 1936ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70ರ ಹಳೆಯ ರೈಫಲ್‌ಗಳಲ್ಲಿ 3 ಸ್ಕ್ರೂ ಇರುತ್ತವೆ. ನಡುವಿನದನ್ನು ಸುಮ್ನೆ ತಾಗುವಷ್ಟೇ ತಿರುಗಿಸಿ, ಬಿಗಿದರೆ ಕಬ್ಬಿಣದ ಮೈ ಬಾಗುತ್ತದೆ. ಕಬ್ಬಿಣದ ಬಾಲದ ಹಿಂದೆ ಕಾಗದ ತೂರುವಷ್ಟು ಸಂದಿ ಇದೆಯೇ ನೋಡಿ. ಇಲ್ಲದಿದ್ದರೆ ಗುಂಡು ಹಾರಿದಾಗಿನ ಒದೆತವನ್ನೆಲ್ಲ ಆ ತೆಳುವಾದ ಮರವೇ ತಿಂದು, ನೀವು ಅಂಟಿಸಿದ ಬಿರುಕು ಮತ್ತೆ ಬಾಯಿ ಬಿಡುತ್ತದೆ.