ಅರ್ಧಕ್ಕೆ ನಿಂತಿದ್ದ ಕೌದಿಗಳು ಮುಂದುವರಿದ ಬಗೆ

ತುಮಕೂರಿನ ನಮ್ಮ ಮನೆಯ ಟ್ರಂಕಿನಲ್ಲಿದ್ದ ಕೌದಿಗಳು ಅರ್ಧಕ್ಕೆ ನಿಲ್ಲಲು ಸಮಯದ ಅಭಾವಕ್ಕಿಂತ ಅವುಗಳ ಭಾರವೇ ಕಾರಣವಾಗಿತ್ತು. ಹಳೆಯ ಸೀರೆ, ಪಂಚೆಗಳ ನಾಲ್ಕೈದು ಪದರಗಳನ್ನು ಬೇಸಿಗೆಯಲ್ಲಿ ತೊಡೆಯ ಮೇಲೆ ಹರಡಿಕೊಂಡು ಕೂರುವುದು ಯಾರಿಗೂ ಹಿತವಲ್ಲ. ಆದ್ದರಿಂದ ಪದರಗಳನ್ನು ಇನ್ನೂ ಜೋಡಿಸದಿದ್ದ ಬಟ್ಟೆಯನ್ನು ಮೊಳದಗಲದ ಚೌಕಗಳಾಗಿ ಕತ್ತರಿಸಿ, ಅಂಚಿನಲ್ಲಿ ಅರ್ಧ ಅಂಗುಲ ಬಿಟ್ಟು ಪ್ರತಿಯೊಂದನ್ನೂ ಬೇರೆಬೇರೆಯಾಗಿ ಹೊಲಿದು, ಕೊನೆಯಲ್ಲಿ ಅವನ್ನು ಒಂದಕ್ಕೊಂದು ಕೂಡಿಸಿ, ಜೋಡಣೆಯ ಮೇಲೆ ಪಟ್ಟಿ ಹೊಲಿದು ಮುಚ್ಚಿದೆ. ಪದರ ಜೋಡಿಸಿದ್ದವುಗಳಿಗೆ ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಕೊಂಡು, ನಡುವಿನಿಂದ ಅಂಚಿನ ಕಡೆಗೆ ಹೊಲಿಯುತ್ತ ಬಂದುದರಿಂದ ಸುಕ್ಕುಗಳು ಒಳಗೆ ಸಿಲುಕದೆ ಹೊರಕ್ಕೆ ಸರಿದವು. ಒಂದು ಚೀಲದಲ್ಲಿ ಒಂದೇ ಕೌದಿಯ ತುಂಡು, ದಾರ, ಸೂಜಿಗಳನ್ನು ಇರಿಸಿದ್ದೂ (ನಮ್ಮತ್ತೆಗೆ ಇದು ಅತಿಯಾದ ಶಿಸ್ತೆನಿಸಿತು) ಹುಡುಕಾಟವನ್ನು ತಪ್ಪಿಸಿತು. ಹೊಸ ಹತ್ತಿ ಬಟ್ಟೆ ಸೇರಿಸುವವರು ಅದನ್ನು ಮೊದಲೇ ಒಗೆದು ಒಣಗಿಸಿಕೊಳ್ಳಬೇಕು. ಇಲ್ಲವಾದರೆ ಅದೊಂದೇ ಕುಗ್ಗಿ ಸುತ್ತಲಿನ ಹೊಲಿಗೆಯನ್ನು ಎಳೆಯುತ್ತದೆ.