32 ಜಿಬಿ ಲ್ಯಾಪ್‌ಟಾಪಿಗೆ ಯಾವ ಓಎಸ್ ಹಾಕುತ್ತೇನೆ, ಹೇಗೆ ಹಾಕುತ್ತೇನೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಆಮೇಲೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ನನ್ನ ಟೇಬಲ್ಲಿಗೆ ಬರುವ ಅಗ್ಗದ ಲ್ಯಾಪ್‌ಟಾಪ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿಯವು: ಸೆಲೆರಾನ್ ಇಲ್ಲವೇ ಆಟಮ್ ಪ್ರೊಸೆಸರ್, 2 ಅಥವಾ 4 ಜಿಬಿ ರ‍್ಯಾಮ್, ಬೋರ್ಡಿಗೇ ಬೆಸುಗೆ ಹಾಕಿದ 32 ಜಿಬಿ ಇಎಂಎಂಸಿ (ಡಿಸ್ಕಿನ ಕೆಲಸ ಮಾಡುವ ಮೆಮೊರಿ ಚಿಪ್). ವಿಂಡೋಸ್ 11 ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಆ ದಾರಿ ಮುಚ್ಚಿತು. ಉಳಿದದ್ದು ಮೂರು: ವಿಂಡೋಸ್ 10ರಲ್ಲೇ ಇರುವುದು, ಗೂಗಲ್ ಕಂಪನಿಯ ಬ್ರೌಸರ್ ಆಧಾರಿತ ಕ್ರೋಮ್ ಓಎಸ್ ಫ್ಲೆಕ್ಸ್, ಲಿನಕ್ಸ್.

ಅಗ್ಗದ ಯಂತ್ರಗಳಲ್ಲಿ ವಿಂಡೋಸ್, ಲಿನಕ್ಸ್ ನಡುವಿನ ಈ ಪೈಪೋಟಿ ಹೊಸದಲ್ಲ. 2007ರಲ್ಲಿ ಆಸುಸ್ ಕಂಪನಿಯ 7 ಇಂಚಿನ ಈಈಈ ಪಿಸಿ ಬಂದದ್ದೇ ಲಿನಕ್ಸ್ ಹಾಕಿಕೊಂಡು. ಅದಕ್ಕೆ ಉತ್ತರವಾಗಿ ಮೈಕ್ರೋಸಾಫ್ಟ್, ನಿಲ್ಲಿಸಬೇಕೆಂದಿದ್ದ ಎಕ್ಸ್‌ಪಿ ಹೋಮ್ ಮಾರಾಟವನ್ನು ಅಗ್ಗದ ಯಂತ್ರಗಳಿಗಾಗಿ 2010ರವರೆಗೆ ಎಳೆಯಿತು. 2009ರಲ್ಲಿ ವಾಲ್‌ಪೇಪರ್ ಕೂಡ ಬದಲಿಸಲು ಬಿಡದ ವಿಂಡೋಸ್ 7 ಸ್ಟಾರ್ಟರ್ ಕೊಟ್ಟಿತು.

ಯಂತ್ರ ಕೈಗೆ ಬಂದ ಕೂಡಲೇ ನಾನು ಕೇಳುವುದು ಒಂದೇ: ಇದರಲ್ಲಿ ಟ್ಯಾಲಿ ಇದೆಯೇ, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ ಕಡ್ಡಿ) ಚುಚ್ಚುತ್ತೀರಾ? ಹೌದು ಅಂದರೆ ವಿಂಡೋಸ್ ತೆಗೆಯುವುದಿಲ್ಲ. ಮೈಕ್ರೋಸಾಫ್ಟಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ನಡೆಯುತ್ತದೆ. 32 ಜಿಬಿಯಲ್ಲಿ ದೊಡ್ಡ ಅಪ್‌ಡೇಟ್ ಕೈಕೊಡುವುದು ಜಾಗದ ಕೊರತೆಯಿಂದ: ಹಳೆಯ ಪ್ರತಿ, ಹೊಸ ಪ್ರತಿ ಎರಡೂ ಒಂದೇ ಹೊತ್ತಿಗೆ ಕೂರಬೇಕು. ಹೈಬರ್ನೇಟ್ ಆಫ್ ಮಾಡಿ, ಟೆಂಪ್ ಫೈಲ್ ಅಳಿಸಿ, ಖಾಲಿ ಪೆನ್‌ಡ್ರೈವ್ ಚುಚ್ಚಿದರೆ ಅಪ್‌ಡೇಟ್ ಅದನ್ನೇ ತಾತ್ಕಾಲಿಕ ಜಾಗವಾಗಿ ಬಳಸಿಕೊಳ್ಳುತ್ತದೆ.

ಬರೀ ಬ್ರೌಸರ್, ಯೂಟ್ಯೂಬ್, ಮಕ್ಕಳ ಆನ್‌ಲೈನ್ ಕ್ಲಾಸು ಅಂದರೆ, 4 ಜಿಬಿ ರ‍್ಯಾಮ್ ಇದ್ದಲ್ಲಿ ಫ್ಲೆಕ್ಸ್ ಒಳ್ಳೆಯದು. 8 ಜಿಬಿ ಪೆನ್‌ಡ್ರೈವ್, ಕ್ರೋಮ್‌ಬುಕ್ ರಿಕವರಿ ಯುಟಿಲಿಟಿ ಸಾಕು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ; ಇನ್‌ಸ್ಟಾಲ್ ಮಾಡಿದರೆ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ, ವಿಂಡೋಸ್ ಪಕ್ಕದಲ್ಲಿ ಇಟ್ಟುಕೊಳ್ಳಲಾಗದು. ಆಂಡ್ರಾಯ್ಡ್ ಆ್ಯಪ್‌ಗಳು ಇದರಲ್ಲಿ ಓಡುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಮಳೆಗಾಲದಲ್ಲಿ ಟವರ್ ಕೈಕೊಡುವ ಊರಿನವರಿಗಾದರೆ ಗೂಗಲ್ ಡ್ರೈವಿನಲ್ಲಿ ಆಫ್‌ಲೈನ್ ಆಯ್ಕೆ ಹಾಕಿಕೊಟ್ಟೇ ಕಳಿಸುತ್ತೇನೆ.

ಮಿಕ್ಕವರಿಗೆಲ್ಲ ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ. 2 ಜಿಬಿ ರ‍್ಯಾಮ್, 20 ಜಿಬಿ ಜಾಗದಲ್ಲಿ ನಿಲ್ಲುತ್ತದೆ, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ಡಿಸ್ಕ್ ಅಳಿಸುವ ಮೊದಲು ಎರಡು ಕೆಲಸ. ನುಡಿ ಫಾಂಟಿನ ಹಳೆಯ ಫೈಲುಗಳನ್ನು ವಿಂಡೋಸ್ ಇರುವಾಗಲೇ ಯುನಿಕೋಡಿಗೆ ಪರಿವರ್ತಿಸಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆಮೇಲೆ ಮಿಂಟನ್ನು ಪೆನ್‌ಡ್ರೈವಿನಿಂದ ಲೈವ್ ಓಡಿಸಿ ವೈಫೈ, ಆಡಿಯೊ, ಟಚ್‌ಪ್ಯಾಡ್, ಪ್ರಿಂಟರ್ ನೋಡಿ. ಇಎಂಎಂಸಿ ಯಂತ್ರಗಳಲ್ಲಿ ಆಡಿಯೊ ಬಾರದಿರುವುದುಂಟು. ಅದು ಗೊತ್ತಾಗಬೇಕಾದ್ದು ಅಳಿಸುವ ಮೊದಲು.

ಹಳೆಯ ಆಟಮ್‌ಗಳಲ್ಲಿ ಒಂದು ತೊಡಕಿದೆ. ಪ್ರೊಸೆಸರ್ 64 ಬಿಟ್, ಯಂತ್ರವನ್ನು ಶುರು ಮಾಡುವ ಯುಇಎಫ್‌ಐ ಮಾತ್ರ 32 ಬಿಟ್. ಪೆನ್‌ಡ್ರೈವ್ ಸರಿಯಾಗಿಯೇ ಇದ್ದರೂ ಬೂಟ್ ಮೆನುವಿನಲ್ಲಿ ಕಾಣುವುದೇ ಇಲ್ಲ. ಅಂಥದ್ದಕ್ಕೆ 32 ಬಿಟ್ ಬೂಟ್ ಫೈಲ್ ಒಳಗೊಂಡ, ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಐಎಸ್‌ಒ ಹಿಡಿಯುತ್ತೇನೆ. ಏಸರ್‌ನಲ್ಲಿ ಇನ್ನೊಂದು ಬಗೆ: ಇನ್‌ಸ್ಟಾಲ್ ಮುಗಿದರೂ ಡಿಸ್ಕ್ ಸಿಗಲಿಲ್ಲ ಅನ್ನುತ್ತದೆ. ಬಯೋಸ್‌ಗೆ ಹೋಗಿ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟರೆ ಮಾತ್ರ ನಂಬಿಕೆಯ ಫೈಲ್ ಆರಿಸುವ ಸಾಲು ತೆರೆಯುತ್ತದೆ. ಅಲ್ಲಿ ಉಬುಂಟು ಫೋಲ್ಡರಿನ (ಮಿಂಟ್ ಕಟ್ಟಿರುವುದು ಉಬುಂಟು ಮೇಲೆ) ಶಿಮ್ ಎಂಬ ಬೂಟ್ ಫೈಲನ್ನು ಸೇರಿಸಿ. ಆ ಪಾಸ್‌ವರ್ಡನ್ನು ಬರೆದಿಡಿ, ಮರೆತರೆ ಮುಂದೆ ಬಯೋಸ್ ಮುಟ್ಟಲಾಗುವುದಿಲ್ಲ.

2 ಜಿಬಿ ಯಂತ್ರಕ್ಕೆ ಝಡ್‌ರ‍್ಯಾಮ್ ಹಾಕಲೇಬೇಕು. ಝಡ್‌ರ‍್ಯಾಮ್ ಟೂಲ್ಸ್ ಪ್ಯಾಕೇಜ್ ಹಾಕಿ, ಅದರ ಸೆಟ್ಟಿಂಗ್ ಫೈಲಿನಲ್ಲಿ ಸಂಕೋಚನಕ್ಕೆ ಝಡ್‌ಎಸ್‌ಟಿಡಿ, ಪ್ರಮಾಣ 50 ಅಂತ ಕೊಟ್ಟು ಸರ್ವಿಸ್ ಮತ್ತೆ ಶುರು ಮಾಡಿ. ರ‍್ಯಾಮ್ ತುಂಬಿದಾಗ ಡಿಸ್ಕಿಗೆ ಹೋಗಬೇಕಿದ್ದ ಸ್ವಾಪ್ ರ‍್ಯಾಮಿನೊಳಗೇ ಒತ್ತಿ ಕೂರುತ್ತದೆ, ಇಎಂಎಂಸಿಯ ಮೇಲೆ ಬರೆಯುವುದು ಕಮ್ಮಿ. ಬದಲಿಸಲಾಗದ ಡಿಸ್ಕನ್ನು ಉಳಿಸಿಕೊಳ್ಳುವುದು ವೇಗಕ್ಕಿಂತ ಮುಖ್ಯ. ಆದರೂ ಬ್ರೌಸರಿನಲ್ಲಿ ಮೂರ‍್ನಾಲ್ಕು ಟ್ಯಾಬ್ ದಾಟಿದರೆ ಏದುಸಿರು ಬಿಡುತ್ತದೆ. ಇದಕ್ಕೆ ಯಾವ ಓಎಸ್‌ನಲ್ಲೂ ಮದ್ದಿಲ್ಲ.

ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆಥರಿಂಗ್ ಕೊಡಿ, ಡ್ರೈವರ್ ಮ್ಯಾನೇಜರ್ ತೆರೆಯಿರಿ. ಆರ್‌ಟಿಎಲ್ 8723ಬಿಇ ಚಿಪ್ ಇದ್ದು, ರೂಟರ್ ಪಕ್ಕದಲ್ಲಿ ಮಾತ್ರ ಸಿಗ್ನಲ್ ಬರುತ್ತಿದ್ದರೆ ಕೆಟ್ಟಿರುವುದು ಕಾರ್ಡ್ ಅಲ್ಲ. ಆಂಟೆನಾ ತಂತಿ ಒಂದೇ ಇರುತ್ತದೆ, ಡ್ರೈವರ್ ಇನ್ನೊಂದು ತುದಿಯಲ್ಲಿ ಹುಡುಕುತ್ತಿರುತ್ತದೆ. ಮಾಡ್ಯೂಲ್ ಸೆಟ್ಟಿಂಗಿನಲ್ಲಿ ಆಂಟೆನಾ ಆಯ್ಕೆಯನ್ನು 1, ಆಗದಿದ್ದರೆ 2 ಕೊಟ್ಟು ರೀಸ್ಟಾರ್ಟ್ ಮಾಡಿ.

ಕನ್ನಡ ಟೈಪಿಂಗಿಗೆ ಹೊಸ ತಂತ್ರಾಂಶ ಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿ ಭಾರತೀಯ ವಿಭಾಗದೊಳಗೆ ಕನ್ನಡ ಕಗಪ ಇದೆ. ನುಡಿಯಲ್ಲಿ ಕೈ ಪಳಗಿದವರಿಗೆ ಹೆಚ್ಚುಕಮ್ಮಿ ಅದೇ ಕೀಲಿಗಳು, ಬೆರಳು ತಡವರಿಸುವುದು ಕಡಿಮೆ.

ಪ್ರಿಂಟರ್ ವಿಷಯದಲ್ಲಿ ಎಚ್ಚರ. ಜೆರಾಕ್ಸ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ತನ್ನದೇ ಕ್ಯಾಪ್ಟ್ ಭಾಷೆಯಲ್ಲಿ ಕೆಲಸ ಮಾಡುವುದರಿಂದ ಮಾಮೂಲಿ ಲಿನಕ್ಸ್ ಡ್ರೈವರ್‌ಗೆ ಬಗ್ಗುವುದಿಲ್ಲ. ಪ್ರತ್ಯೇಕ ಡ್ರೈವರ್ ಹಾಕಿದರೂ ಅದರ ಹಿನ್ನೆಲೆ ಸರ್ವಿಸ್ ಆಗಾಗ ನಿಲ್ಲುತ್ತದೆ. ದಿನವಿಡೀ ಪ್ರಿಂಟ್ ತೆಗೆಯುವವರಿಗೆ ಆ ಪ್ರಿಂಟರನ್ನು ವಿಂಡೋಸ್ ಯಂತ್ರದಲ್ಲೇ ಬಿಡಿ ಅನ್ನುತ್ತೇನೆ.

ಜಡಿಮಳೆಯ ತಿಂಗಳುಗಳಲ್ಲಿ ಯಾವುದೇ ಓಎಸ್ ಹಾಕುವಾಗ ಯುಪಿಎಸ್ ಇಲ್ಲದೆ ಕೂರಬೇಡಿ, ಹಳೆಯ ಬ್ಯಾಟರಿ ಅರ್ಧದಲ್ಲೇ ಸಾಯುತ್ತದೆ. ಥಂಡಿಗೆ ಪರದೆ ಕಪ್ಪಾಗೇ ಇದ್ದರೆ ಓಎಸ್ ಅನ್ನು ದೂರುವ ಮೊದಲು, ಬಿಚ್ಚಲು ಬರುವ ರ‍್ಯಾಮ್ ಆಗಿದ್ದರೆ ಬ್ಯಾಟರಿ ಕಳಚಿ ಅದನ್ನು ಹೊರತೆಗೆದು, ಚಿನ್ನದ ಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಕೂರಿಸಿ ನೋಡಿ.