ದೂರದವ್ರ ಹತ್ರ ಹಳೇ ಸ್ಪೋರ್ಟ್ಸ್ ಕಾರ್ ತಗೊಳೋ ಮುಂಚೆ

ಫೋಟೋದಲ್ಲಿ ಎಲ್ಲಾ ಕಾರೂ ಮದುವೆ ಹೆಣ್ಣೇ, ಅದಕ್ಕೆ ಮೊದ್ಲು ವಿಡಿಯೋ ಕೇಳಿ. ರಾತ್ರಿಯಿಡೀ ನಿಂತಿದ್ದ ಗಾಡೀನ ಬೆಳಗ್ಗೆ ಸ್ಟಾರ್ಟ್ ಮಾಡೋ ವಿಡಿಯೋ, ಕಟ್ ಮಾಡ್ದೆ, ಸೈಲೆನ್ಸರ್ ಹೊಗೆ ಕಾಣೋ ಹಾಗೆ. ನೀಲಿ ಹೊಗೆ ಬಂದ್ರೆ ಇಂಜಿನ್ ಆಯಿಲ್ ಸುಡ್ತಿದೆ ಅಂತ.

17 ಅಕ್ಷರದ ಚಾಸಿಸ್ ನಂಬರ್ ತಗೊಂಡು ದಾಖಲೆ ಜೊತೆ ಹೋಲಿಸಿ, ಸಾಲ ಬಾಕಿ ಇದ್ಯಾ ನೋಡಿ. ಟೈರ್ ಪಕ್ಕದ ನಾಲ್ಕಂಕಿ ಫೋಟೋನೂ ಕೇಳಿ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು.

ಆಮೇಲೆ ಮುಖ್ಯವಾದ್ದು, ಆ ಊರಲ್ಲೇ ಆ ಮಾಡೆಲ್ ಗೊತ್ತಿರೋ ಮೆಕ್ಯಾನಿಕ್‌ನ ನೀವೇ ಹುಡುಕಿ ದುಡ್ಡು ಕೊಟ್ಟು ಚೆಕ್ ಮಾಡಿಸಿ, ಮಾರೋರು ಹೇಳಿದ ಗ್ಯಾರೇಜ್ ಬೇಡ. ಕಂಪ್ರೆಷನ್ ಟೆಸ್ಟ್ (ಇಂಜಿನ್ ಒಳಗಿನ ಒತ್ತಡ ಅಳೆಯೋದು), ಕ್ಲಚ್, ಅಡಿಭಾಗದ ತುಕ್ಕು, ಪೇಂಟ್ ದಪ್ಪ ಅಳೆಯೋ ಮೀಟರ್ ಎಲ್ಲಾ ಇರ್ಲಿ, ಒಂದು ಡೋರಲ್ಲಿ ಮಾತ್ರ ಪೇಂಟ್ ದಪ್ಪ ಇದ್ರೆ ಅಲ್ಲಿ ಏನೋ ಆಗಿದೆ. ಮಜ್ದಾ ಆರ್‌ಎಕ್ಸ್-8 ಥರ ರೋಟರಿ ಇಂಜಿನ್ (ಪಿಸ್ಟನ್ ಬದ್ಲು ತಿರುಗೋ ರೋಟರ್ ಇರೋದು) ಆದ್ರೆ ಮಾಮೂಲಿ ಕಂಪ್ರೆಷನ್ ಗೇಜ್ ಸಾಲಲ್ಲ, ರೋಟರಿ ಟೆಸ್ಟರೇ ಬೇಕು. ಈಚಿನ ಪೋರ್ಷೆ 911 ಆದ್ರೆ ಇಂಜಿನ್ ಕಂಪ್ಯೂಟರಲ್ಲಿರೋ ಓವರ್-ರೆವ್ (ಇಂಜಿನ್ ಮಿತಿ ಮೀರಿ ತಿರುಗಿದ್ದು) ದಾಖಲೆ ತೆಗೆಸಿ, ತಪ್ಪು ಗೇರ್ ಹಾಕಿ ಇಂಜಿನ್ ಕಿರುಚಿಸಿದ್ರೆ ಅದ್ರಲ್ಲಿ ಸಿಕ್ಕಿಬೀಳ್ತಾರೆ.

"ಇನ್ನೊಬ್ರು ನಾಳೆ ಬರ್ತಾರೆ, ಅಡ್ವಾನ್ಸ್ ಹಾಕಿ" ಅಂದ್ರೆ ಹೋಗ್ಲಿ ಬಿಡಿ. ನಾನಂತೂ ಪೂರ್ತಿ ದುಡ್ಡು ಕಾರು, ದಾಖಲೆ ಎರಡೂ ಎದುರಿಗಿದ್ದಾಗ್ಲೇ ಕೊಡೋದು. ಓಡಿಸ್ಕೊಂಡು ಬರೋ ಆಸೆ ಇದ್ರೂ ಹಳೇ ಟೈರಿದ್ರೆ ಮುಚ್ಚಿದ ಟ್ರಕ್ಕಲ್ಲಿ ತರಿಸಿ, ಹತ್ತಿಸೋವಾಗ ಇಳಿಸೋವಾಗ ಫೋಟೋ ತೆಗೆಸಿ, ಸಾಗಾಣಿಕೆ ಇನ್ಶೂರೆನ್ಸ್ ಪೇಪರ್ ಮೊದ್ಲೇ ಓದಿ.